ಅಳಿಯಂದಿರ ಅಟ್ಟದ ಸೈನ್ಯ



ಹೋದ ಸಂಚಿಕೆಯಲ್ಲಿ ಬಾಣಂತಿಗೆ ಕೊಡುವ ಮೆಣಸಿನ ಸಾರಿನ ಪುಡಿಯ ಅಳತೆ ಬರೆದಿದ್ದೆನಲ್ಲ, ಅದನ್ನು ಓದಿದ ಒಬ್ಬ ಸೋದರಿ, "ಇಂಗ್ಲೆಂಡಿಗೆ ಹೋಗಿ ಆರು ತಿಂಗಳು ಮಗಳ ಬಾಣಂತನ ಮಾಡಿ ಬಂದಿರಿ. ಅಲ್ಲಿ ಅಡಿಗೆಮನೆ ಬಿಟ್ಟು ಬೇರೆ ಏನೂ ನೋಡಲಿಲ್ಲವೇ?" ಎಂದು ಕೇಳಿದ್ದಾರೆ. ನಿಜ ಹೇಳಬೇಕೆಂದರೆ ನೋಡಿದ್ದು ಬಹಳ ಕಡಿಮೆ. ಆದರೆ ಒಂದು ವಿದ್ಯೆ ಕಲಿತುಕೊಂಡು ಬಂದೆ. ನಗಬೇಡಿ ಮತ್ತೆ. ಹೆಬ್ಬೆಟ್ಟಿನ ಗೆಣ್ಣಿನಷ್ಟು ಎತ್ತರದ ಸೈನಿಕ ಬೊಂಬೆಗಳಿಗೆ ಬಣ್ಣ ಬಳಿಯುವ ವಿದ್ಯೆ! ಇದರ ಹಿಂದೆ ಒಂದು ತಪ್ಪೂ ಇದೆ. ತಪ್ಪು ನನ್ನದೇ. ಅದನ್ನೂ ಹೇಳಿಬಿಡುತ್ತೇನೆ.

2024ರ ಮಾರ್ಚಿ ತಿಂಗಳು ನಾನು ನಾಟಿಂಗ್‌ಹ್ಯಾಮ್ ಊರಿಗೆ ಹೋಗಿ ಇಳಿದಾಗ ಮಗಳಿಗೆ ಎಂಟು ತುಂಬಿತ್ತು. ಬೀಗಿತ್ತಿಗೆ ಮಂಡಿ ನೋವು, ಅಷ್ಟು ದೂರ ಬರಲಾರರು. ಹೀಗಾಗಿ ನಾನೊಬ್ಬಳೇ ಹೋದೆ. ಹೋದ ಮೂರನೆಯ ದಿನ ಒಗೆಯುವ ಬಟ್ಟೆ ಹುಡುಕುತ್ತ ಕಾರು ನಿಲ್ಲಿಸುವ ಶೆಡ್ಡಿಗೆ ಹೋದೆ ನೋಡಿ, ಘಮ್ಮೆಂದು ಡೆಟಾಲ್ ವಾಸನೆ! ಮಗು ಬರುವ ಮನೆ, ಅಳಿಯಂದಿರು ಎಷ್ಟು ಚೊಕ್ಕಟ ಎಂದು ಮನಸ್ಸಿನಲ್ಲೇ ಮೆಚ್ಚಿಕೊಂಡೆ. ಮುಚ್ಚಳ ತೆಗೆದರೆ ಡಬ್ಬದೊಳಗೆ ಇಪ್ಪತ್ತು ಮೂವತ್ತು ಕುಬ್ಜ ರಾಕ್ಷಸರು ಮುಳುಗಿ ಕೂತಿದ್ದಾರೆ. ಉದ್ದ ಮೂಗು, ಕೈಯಲ್ಲಿ ಈಟಿ. ನಾನು ಕಿರುಚಿದ್ದಕ್ಕೆ ಮಗಳು ತುಂಬು ಹೊಟ್ಟೆ ಹಿಡಿದುಕೊಂಡು ಓಡಿ ಬಂದಳು.

"ಅಯ್ಯೋ, ಅದಾ? ಅದು ಇವರ ಆಟದ ಸಾಮಾನು ಅಮ್ಮ. ಹಳೇ ಬಣ್ಣ ಬಿಡಿಸೋಕೆ ಡೆಟಾಲಲ್ಲಿ ನೆನೆಹಾಕಿದಾರೆ. ಈಗ ತೊಟ್ಟಿಲು ಹಾಕೋ ಹೊತ್ತಲ್ಲಿ ಅಟ್ಟದಿಂದ ಇದನ್ನ ಇಳಿಸಿದಾರೆ ನೋಡು" ಎಂದಳು. ಆ ಮಾತು ನಗುತ್ತ ಆಡಿದ್ದಲ್ಲ.

ಸಂಗತಿ ಏನೆಂದರೆ, ಅಳಿಯಂದಿರು 2011ರಲ್ಲಿ ಆ ಊರಿಗೆ ಓದಲು ಹೋದಾಗ ಒಟ್ಟಿಗಿದ್ದ ಇಂಗ್ಲಿಷ್ ಹುಡುಗನೊಬ್ಬ ಈ ಆಟ ಕಲಿಸಿದನಂತೆ. ಆಟದ ಹೆಸರು ವಾರ್‌ಹ್ಯಾಮರ್. ಮೇಜಿನ ಮೇಲೆ ಚಿಕ್ಕ ಬೊಂಬೆಗಳ ಸೈನ್ಯ ಹೂಡಿ, ಅಳತೆ ಪಟ್ಟಿ ಹಿಡಿದು ನಡೆಸಿ, ದಾಳ ಹಾಕಿ ಯುದ್ಧ ಮಾಡುವುದು. 1983ರಲ್ಲಿ ಶುರುವಾದದ್ದು. ಅದನ್ನು ಮಾಡುವ ಕಂಪನಿಯ ಮುಖ್ಯ ಕಚೇರಿ ಇರುವುದೇ ನಾಟಿಂಗ್‌ಹ್ಯಾಮಿನಲ್ಲಿ. ಮೊದಲ ಆಟ ಕತ್ತಿ, ಬಿಲ್ಲುಬಾಣ, ರಾಕ್ಷಸರ ಲೋಕದ್ದು. 2015ರಲ್ಲಿ ಆ ಲೋಕದ ಕಥೆಯನ್ನೇ ಮುಗಿಸಿ ಬೇರೆ ಆಟ ತಂದರು. ಹಳಬರು ಎಷ್ಟೋ ಜನ ಪೆಟ್ಟಿಗೆ ಮುಚ್ಚಿಟ್ಟರು. ನಮ್ಮ ಅಳಿಯಂದಿರೂ ಮುಚ್ಚಿದರು. ಆಮೇಲೆ ಕೆಲಸ, ಮದುವೆ. 2024ರ ಜನವರಿಯಲ್ಲಿ ಅದೇ ಹಳೆಯ ಲೋಕವನ್ನು ಹೊಸ ಪುಸ್ತಕದೊಂದಿಗೆ ಮತ್ತೆ ತಂದರು. ಇವರ ಪೆಟ್ಟಿಗೆಯೂ ಅಟ್ಟದಿಂದ ಇಳಿಯಿತು.

ಅಷ್ಟೇ ಆಗಿದ್ದರೆ ಮಗಳು ಸುಮ್ಮನಿರುತ್ತಿದ್ದಳೋ ಏನೋ. ಹಳೆಯದರ ಜೊತೆಗೆ ಹೊಸದೊಂದು ಸೈನ್ಯ ಕೊಳ್ಳುವ ಯೋಚನೆಯೂ ಇತ್ತು. ಕುದುರೆ ಸರದಾರರ ದೊಡ್ಡ ಪೆಟ್ಟಿಗೆ. ಅದರ ಬೆಲೆಯಲ್ಲಿ ನಮ್ಮಲ್ಲಿ ಒಂದು ತಿಂಗಳ ದಿನಸಿ ಬರುತ್ತದೆ. ಸಾಲದ್ದಕ್ಕೆ ಗುರುವಾರ ಗುರುವಾರ ಸಂಜೆ ಚರ್ಚಿನ ಹಾಲಿನಲ್ಲಿ ಆಡುವ ಗುಂಪೊಂದಿತ್ತು. "ಈ ಸ್ಥಿತೀಲಿ ನನ್ನ ಒಬ್ಬಳನ್ನೇ ಬಿಟ್ಟು ಹೋಗ್ತಾರೆ" ಎಂದು ಅತ್ತಳು. ಹೆತ್ತ ಕರುಳು ತಾನೇ, ನಾನು ತಡೆಯಲಿಲ್ಲ. ರಾತ್ರಿ ಊಟಕ್ಕೆ ಬಡಿಸುತ್ತ ಅಂದೇಬಿಟ್ಟೆ: "ಮನೆಗೆ ಆಟದ ಸಾಮಾನು ಬರೋದು ಮಗುವಿಗೆ ಅಂತ ತಿಳಿದಿದ್ದೆ, ಅಪ್ಪನಿಗೆ ಅಂತ ಗೊತ್ತಿರಲಿಲ್ಲ."

ಅಳಿಯಂದಿರು ತಲೆ ಎತ್ತಲಿಲ್ಲ. ಮೊಸರನ್ನ ಮುಗಿಸಿ ಎದ್ದರು. ಮಾರನೆಯ ದಿನ ಪೆಟ್ಟಿಗೆ ಕಣ್ಣಿಗೆ ಬೀಳಲಿಲ್ಲ, ಡೆಟಾಲ್ ಡಬ್ಬವೂ ಇರಲಿಲ್ಲ. ಗುರುವಾರ ಮನೆಯಲ್ಲೇ ಉಳಿದರು. ಗೆದ್ದೆ ಅಂದುಕೊಂಡೆ. ನೋಡಿ, ಒಬ್ಬ ಗಂಡಸನ್ನು ಮನೆಯಲ್ಲಿ ಕೂರಿಸುವುದು ಸುಲಭ. ಕೂತವರು ಎಲ್ಲಿದ್ದಾರೆ ಎಂದು ಹುಡುಕುವುದು ಕಷ್ಟ.

ಏಪ್ರಿಲಿನಲ್ಲಿ ಮೊಮ್ಮಗಳು ಹುಟ್ಟಿದಳು. ತಾಯಿ ಮಗು ಕ್ಷೇಮ. ಹನ್ನೆರಡು ಹದಿನೈದು ದಿನ ಕಳೆದಿರಬೇಕು. ನಡುರಾತ್ರಿ ಎರಡು ಗಂಟೆಗೆ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ತೇಗು ಬರಿಸುತ್ತ ಅಡಿಗೆಮನೆಗೆ ಬಂದರೆ ಅಳಿಯಂದಿರು ಕತ್ತಲಲ್ಲಿ ಕೂತಿದ್ದರು. ದೀಪವಿಲ್ಲ, ಫೋನೂ ಇಲ್ಲ. ಕಾಫಿ ಕೊಡಲೇ ಎಂದೆ. ಬೇಡ ಅತ್ತೆ ಎಂದರು. ಸ್ವಲ್ಪ ಹೊತ್ತಾದ ಮೇಲೆ ಅವರೇ ಹೇಳಿದರು. 2021ರಲ್ಲಿ ಅವರ ತಂದೆ ಹೋದಾಗ ಕೊರೋನಾ ಕಾಲ. ಇವರಿಗೆ ಊರು ಮುಟ್ಟಲಾಗಲಿಲ್ಲ. ಸಂಸ್ಕಾರವನ್ನು ಫೋನಿನಲ್ಲಿ ನೋಡಿದರು. ಈಗ ಮಗು ಮುಖ ನೋಡಿದಾಗಲೆಲ್ಲ ಅದೇ ನೆನಪಂತೆ. "ಕೈಗೆ ಸಣ್ಣ ಕೆಲಸ ಇದ್ದರೆ ತಲೆ ಸುಮ್ಮನಿರುತ್ತೆ ಅತ್ತೆ. ಅದಕ್ಕೇ ಆ ಪೆಟ್ಟಿಗೆ ಇಳಿಸಿದ್ದೆ. ಬೇರೇನಿಲ್ಲ" ಎಂದರು.

ನನಗೆ ಆ ಕ್ಷಣ ನೆನಪಾದದ್ದು ಒಂದು ಹಾರ್ಮೋನಿಯಂ. 1999ರಲ್ಲಿ ಇದೇ ಮಗಳು ಹುಟ್ಟಿದಾಗ ನಮ್ಮ ಯಜಮಾನರ ಹತ್ತಿರ ಒಂದು ಹಳೆಯ ಹಾರ್ಮೋನಿಯಂ ಇತ್ತು. ಊರ ನಾಟಕಕ್ಕೆ ನುಡಿಸುತ್ತಿದ್ದರು. ಮಗು ಮಲಗುವ ಹೊತ್ತಿಗೆ ಪೀಪೀ ಅನ್ನಿಸುತ್ತಾರೆ, ಪುಟ್ಟ ಮನೆಯಲ್ಲಿ ಜಾಗವೂ ಇಲ್ಲ ಎಂದು ನಾನು ಹಟ ಹಿಡಿದೆ. ಎಂಟುನೂರು ರೂಪಾಯಿಗೆ ಮಾರಿದರು. ಅದಕ್ಕೆ ಇನ್ನಷ್ಟು ಸೇರಿಸಿ ಕಬ್ಬಿಣದ ಬೀರು ತಂದೆವು. ಬೀರು ಇವತ್ತಿಗೂ ಗಟ್ಟಿಯಾಗಿದೆ. ಆ ಮಾತನ್ನು ಇಪ್ಪತ್ತೈದು ವರ್ಷದಲ್ಲಿ ಅವರೂ ಎತ್ತಿಲ್ಲ, ನಾನೂ ಎತ್ತಿಲ್ಲ.

ಬೆಳಗಾದ ಮೇಲೆ, "ಆ ಪೆಟ್ಟಿಗೆ ತನ್ನಿ, ಏನಿದೆ ನೋಡೋಣ" ಎಂದೆ.

ನೂರಾ ಹನ್ನೆರಡು ಬೊಂಬೆ ಇದ್ದವು, ನಾನೇ ಎಣಿಸಿದೆ. ಗಾಬ್ಲಿನ್ ಎಂಬ ಕುಬ್ಜರು, ಓರ್ಕ್ ಎಂಬ ದಾಂಡಿಗರು. ಅರ್ಧಕ್ಕೆ ಬಣ್ಣವೇ ಇಲ್ಲ. ಹತ್ತರ ಕೈ ಮುರಿದಿತ್ತು. ಯಾವ ಸೈನ್ಯ ಕಟ್ಟಬೇಕು ಎಂಬ ಚರ್ಚೆ ಶುರುವಾಯಿತು. ಒಂದು ಸೀರೆ ಆರಿಸಲು ನಾವು ಎಷ್ಟು ಹೊತ್ತು ತೆಗೆದುಕೊಳ್ಳುತ್ತೇವೆ ಎಂದು ಗಂಡಸರು ಹಾಸ್ಯ ಮಾಡುತ್ತಾರಲ್ಲ, ಈ ಸೈನ್ಯ ಆರಿಸುವುದನ್ನು ಅವರು ನೋಡಬೇಕು. ಹದಿನೈದು ದಿನ ನಡೆಯಿತು!

ನನಗೆ ತಿಳಿದ ಮಟ್ಟಿಗೆ ಹೇಳುತ್ತೇನೆ. ಎರಡೂ ಕಡೆಯವರು ಮೊದಲೇ ಇಷ್ಟು ಅಂಕ ಎಂದು ಮಾತಾಡಿಕೊಳ್ಳುತ್ತಾರೆ. ದೊಡ್ಡ ಆಟಕ್ಕೆ 2,000 ಅಂಕ, ಚಿಕ್ಕದಕ್ಕೆ 500. ಪ್ರತಿ ಬೊಂಬೆಗೂ ಅಂಕದ ಬೆಲೆ ಉಂಟು. ಆ ಮೊತ್ತದೊಳಗೇ ಸಂಸಾರ ತೂಗಿಸಬೇಕು. ಒಬ್ಬ ಕುದುರೆ ಸರದಾರನ ಬೆಲೆಯಲ್ಲಿ ಐದಾರು ಗಾಬ್ಲಿನ್ ಬರುತ್ತಾರೆ. ಆಸೆಬಿದ್ದು ದೊಡ್ಡ ನಾಯಕನನ್ನೂ ರೆಕ್ಕೆಯ ಪ್ರಾಣಿಯನ್ನೂ ಕೊಂಡರೆ ಕಾಲಾಳಿಗೆ ಅಂಕ ಉಳಿಯುವುದಿಲ್ಲ. ತಿಂಗಳ ಮೊದಲ ವಾರವೇ ರೇಷ್ಮೆ ಸೀರೆ ಕೊಂಡ ಹಾಗೆ. ಆಮೇಲೆ ಮಾತಾಡಿದಂತೆ ಸಾಲು ಸಾಲಾಗಿ ಸೈನ್ಯ ನಿಲ್ಲಿಸಿ ಅಂಗುಲದ ಲೆಕ್ಕದಲ್ಲಿ ನಡೆಸುವುದು. ಎದುರಿನಿಂದ ಬಿದ್ದ ಏಟಿಗಿಂತ ಪಕ್ಕದಿಂದ, ಹಿಂದಿನಿಂದ ಬಿದ್ದ ಏಟು ಹೆಚ್ಚು. ಸೋತ ದಂಡು ನಿಲ್ಲುತ್ತದೋ ಓಡುತ್ತದೋ ಎಂದು ಎರಡು ದಾಳ ಹಾಕಿ ನೋಡುತ್ತಾರೆ. ಧೈರ್ಯಕ್ಕೂ ಒಂದು ಅಂಕೆ ಕೊಟ್ಟಿರುತ್ತಾರೆ ನೋಡಿ, ಅದನ್ನು ದಾಳ ಮೀರಿದರೆ ಪೇರಿ ಕಿತ್ತಂತೆ.

ಸೈನ್ಯಗಳದ್ದು ಒಂದೊಂದರದ್ದು ಒಂದೊಂದು ಸ್ವಭಾವ. ಬ್ರೆಟೋನಿಯ ಎಂಬುದು ಕುದುರೆ ಸರದಾರರ ರಾಜ್ಯ. ಈಟಿ ಹಿಡಿದು ನುಗ್ಗಿದರೆ ಎದುರಿಲ್ಲ, ಆದರೆ ಎಣಿಕೆ ಕಡಿಮೆ. ಒಬ್ಬೊಬ್ಬ ಸರದಾರನಿಗೂ ಬೇರೆ ಬೇರೆ ಬಣ್ಣ, ಬೇರೆ ಲಾಂಛನ. ಬಣ್ಣ ಹಾಕುವವರ ಕಣ್ಣು ಬತ್ತಿಹೋಗಬೇಕು. ಗಡ್ಡದ ಕುಳ್ಳರ ಸೈನ್ಯ ಇನ್ನೊಂದು. ನಿಧಾನ, ಹಟಮಾರಿ, ನಿಂತಲ್ಲಿಂದ ಕದಲುವುದಿಲ್ಲ, ಫಿರಂಗಿ ಬಲ. ನಮ್ಮ ಮಾವನವರ ನೆನಪಾಯಿತು. ಮರಳುಗಾಡಿನ ಗೋರಿಗಳಿಂದ ಎದ್ದ ಅಸ್ಥಿಪಂಜರಗಳ ಸೈನ್ಯಕ್ಕೆ ಬಣ್ಣ ಬಲು ಸುಲಭವಂತೆ, ಆದರೆ ಬಾಣಂತಿ ಮನೆಯಲ್ಲಿ ಎಲುಬಿನ ಗೂಡು ಬೇಡವೆಂದು ನಾನೇ ಹೇಳಿದೆ. ಇನ್ನು ನಮ್ಮ ಹಸಿರು ಕುಬ್ಜರು. ಎಣಿಕೆಗೆ ಬರವಿಲ್ಲ, ಧೈರ್ಯಕ್ಕೆ ಬರ. ಹಳೆಯ ನಿಯಮದಲ್ಲಿ ಪ್ರತಿ ಸಾರಿ ನಡೆಸುವ ಮೊದಲು ಒಂದೊಂದು ದಂಡಿಗೂ ದಾಳ ಹಾಕಬೇಕಿತ್ತಂತೆ. ಒಂದು ಬಿದ್ದರೆ ಆ ದಂಡು ಶತ್ರುವನ್ನು ಬಿಟ್ಟು ತಮ್ಮತಮ್ಮಲ್ಲೇ ಜಗಳಕ್ಕೆ ನಿಲ್ಲುತ್ತಿತ್ತು! ಕೂಡುಕುಟುಂಬದಲ್ಲಿ ಬಾಳಿದ ನನಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಅಣಬೆ ತಿಂದು ಅಮಲೇರಿ ಸರಪಳಿಗೆ ಕಟ್ಟಿದ ಕಬ್ಬಿಣದ ಗುಂಡು ತಿರುಗಿಸುತ್ತ ಹೊರಡುವವರೂ ಅವರಲ್ಲಿದ್ದಾರೆ. ಶತ್ರುವಿಗೆ ಬಡಿಯುತ್ತಾರೋ ನಮ್ಮವರಿಗೇ ಬಡಿಯುತ್ತಾರೋ ದೇವರಿಗೇ ಗೊತ್ತು.

ಮಧ್ಯದಲ್ಲಿ ಅಳಿಯಂದಿರು ಇನ್ನೊಂದು ಮಾತು ತೆಗೆದರು. ರಾಕ್ಷಸರೇ ಆಗಬೇಕೆಂದಿಲ್ಲ, ನಡೆದ ಯುದ್ಧಗಳನ್ನೂ ಹೀಗೆ ಆಡುವವರಿದ್ದಾರೆ, ಮೈಸೂರಿನ ಯುದ್ಧಗಳನ್ನು ಆಡುವವರೂ ಇದ್ದಾರೆ. "ನಿಮ್ಮ ಊರಿನ ಸೈನ್ಯ ಕಟ್ಟಲೇ ಅತ್ತೆ?" ಎಂದರು. ನಾನು ಪಾಂಡವಪುರದವಳು. ನಮ್ಮ ಊರಿಗೆ ಫ್ರೆಂಚ್ ರಾಕ್ಸ್ ಎಂಬ ಹೆಸರಿದ್ದದ್ದೇ ಹೈದರ್, ಟಿಪ್ಪು ಕಾಲದಲ್ಲಿ ಫ್ರೆಂಚರ ದಂಡು ಅಲ್ಲಿ ಬೀಡುಬಿಟ್ಟಿದ್ದರಿಂದ. ಹುಲಿಪಟ್ಟೆಯ ಬಟ್ಟೆ ತೊಟ್ಟ ಸಿಪಾಯಿಗಳು, ಕಬ್ಬಿಣದ ಕೊಳವೆಯ ರಾಕೆಟ್ಟುಗಳು. ಬಣ್ಣ ಹಾಕುವವರಿಗೆ ಹಬ್ಬವೇ ಸರಿ. ಆದರೂ ನನಗೆ ಮನಸ್ಸು ಬರಲಿಲ್ಲ. ಬಂದ ನೆಂಟರನ್ನೆಲ್ಲ ಶ್ರೀರಂಗಪಟ್ಟಣಕ್ಕೆ ಕರೆದುಕೊಂಡು ಹೋಗಿ 1799ರ ಮೇ 4ರಂದು ಕೋಟೆ ಒಡೆದ ಜಾಗ, ಟಿಪ್ಪು ಬಿದ್ದ ಜಾಗ ತೋರಿಸಿದವಳು ನಾನು. ಆ ನೆಲದಲ್ಲಿ ಸತ್ತವರ ಮೇಲೆ ದಾಳ ಉರುಳಿಸುವುದು ನನಗೆ ಹಿಡಿಸುವುದಿಲ್ಲ. ಬೇರೆಯವರು ಆಡಿದರೆ ತಪ್ಪು ಎನ್ನಲಾರೆ, ಇತಿಹಾಸ ಓದಿಯೇ ಆಡುತ್ತಾರಂತೆ. ಗಾಬ್ಲಿನ್ನುಗಳಾದರೆ ಸತ್ತರೂ ಅಳುವವರಿಲ್ಲ.

ಇದೆಲ್ಲ ಹೊಸ ಹುಚ್ಚು ಎಂದೂ ತಿಳಿಯಬೇಡಿ. ಆನೆ, ಕುದುರೆ, ರಥ, ಕಾಲಾಳುಗಳ ಚತುರಂಗ ನಮ್ಮ ನೆಲದ್ದೇ ತಾನೇ. ಅದು ಯೂರೋಪಿಗೆ ಹೋಗಿ, ಅದನ್ನೇ ಹಿಗ್ಗಿಸಿ ನಿಜ ಯುದ್ಧದಂತೆ ಮಾಡಲು ಜರ್ಮನರು ಹೊರಟರು. 1824ರಲ್ಲಿ ಪ್ರಷ್ಯದ ಸೈನ್ಯಾಧಿಕಾರಿ ರೈಸ್‌ವಿಟ್ಸ್ ಎಂಬಾತ ನಕ್ಷೆ, ದಾಳ ಇಟ್ಟು ಸೇನಾಧಿಕಾರಿಗಳಿಗೇ ಕಲಿಸುವ ಆಟ ಮಾಡಿದ. ಮನೆಯ ಆಟವಾಗಿ ಜನರಿಗೆ ಪರಿಚಯಿಸಿದವರಲ್ಲಿ ಮುಖ್ಯನಾದವನು ಕಾದಂಬರಿಕಾರ ಎಚ್. ಜಿ. ವೆಲ್ಸ್. 1913ರಲ್ಲಿ "ಲಿಟ್ಲ್ ವಾರ್ಸ್" ಎಂಬ ಪುಸ್ತಕ ಬರೆದ. ಸ್ಪ್ರಿಂಗಿನ ಪುಟ್ಟ ಫಿರಂಗಿಯಿಂದ ಕಡ್ಡಿ ಹಾರಿಸಿ ತವರದ ಸಿಪಾಯಿಗಳನ್ನು ಬೀಳಿಸುವ ಆಟ. ನಿಜವಾದ ಯುದ್ಧಕ್ಕಿಂತ ಈ ಚಿಕ್ಕ ಯುದ್ಧ ಎಷ್ಟೋ ಮೇಲು ಎಂದೂ ಅದರಲ್ಲೇ ಬರೆದಿದ್ದಾನಂತೆ. ಮುಂದಿನ ವರ್ಷವೇ ಮಹಾಯುದ್ಧ ಬಂತು. ಆ ಪುಸ್ತಕದ ಉದ್ದನೆಯ ಹೆಸರಿನಲ್ಲಿ, ಹುಡುಗರ ಆಟ ಇಷ್ಟಪಡುವ ಬುದ್ಧಿವಂತ ಹುಡುಗಿಯರಿಗೂ ಇದು ಎಂದು ಸೇರಿಸಿದ್ದಾನೆ. ಈ ಮಾತು ಕೇಳಿದ ಮೇಲೆ ನಾನೂ ಕುರ್ಚಿ ಎಳೆದುಕೊಂಡು ಕೂತೆ.

ಕೊನೆಗೆ ಆರಿಸಿದ್ದು ಯಾವುದು ಅಂತೀರಾ? ಹಸಿರು ಕುಬ್ಜರೇ. ಹೊಸ ಪೆಟ್ಟಿಗೆ ಬೇಡವೆಂದು ಅಳಿಯಂದಿರೇ ಹೇಳಿದರು. ನಾನು ಹೇಳಿಸಲಿಲ್ಲ. ಇಬ್ಬರೂ ಕೂತು ಲೆಕ್ಕ ಹಾಕಿದೆವು. ಆಡುವುದು ವಾರಕ್ಕೆ ಮೂರು ಗಂಟೆ. ಬಣ್ಣ ಹಾಕುವುದು ಅದರ ನಾಲ್ಕು ಪಾಲು. ಗೆಲ್ಲುವ ಸೈನ್ಯ ಯಾವುದು ಎಂದು ನೋಡಿ ಕೊಂಡರೆ ನಿಯಮ ಬದಲಾದ ವರ್ಷ ಅದು ಸೋಲುವ ಸೈನ್ಯ ಆಗುತ್ತದೆ. ಸಂಜೆ ಸಂಜೆ ಎದುರಿಗಿಟ್ಟುಕೊಂಡು ಕೂರಲು ಯಾವುದರ ಮುಖ ಬೇಸರ ತರಿಸುವುದಿಲ್ಲವೋ ಅದನ್ನೇ ಹಿಡಿಯಬೇಕು. ಮೊದಲು 500 ಅಂಕದಷ್ಟು ಮಾತ್ರ ಎಂದು ನಿಶ್ಚಯವಾಯಿತು. ನೂರಾ ಹನ್ನೆರಡನ್ನೂ ಒಟ್ಟಿಗೆ ಹರವಿಕೊಂಡರೆ ಮತ್ತೆ ಅಟ್ಟವೇ ಗತಿ.

ಬಣ್ಣದ ವಿಷಯಕ್ಕೆ ಬರುತ್ತೇನೆ, ಇಲ್ಲಿ ನಮಗೂ ಉಪಯೋಗಕ್ಕೆ ಬರುವ ಅಂಶ ಹಲವು ಇವೆ. ಹಳೆಯ ಬಣ್ಣ ಬಿಡಿಸಲು ನೀರು ಬೆರೆಸದ ಡೆಟಾಲಿನಲ್ಲಿ ಒಂದು ದಿನ ನೆನೆಸಿ, ಕೈಗೆ ರಬ್ಬರ್ ಗವಸು ತೊಟ್ಟು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಬೇಕು. ತಿಕ್ಕಿ ಒರೆಸುವ ಮುಂಚೆ ನೀರು ಮುಟ್ಟಿಸಿದಿರೋ, ಕರಗಿದ ಬಣ್ಣವೆಲ್ಲ ಹಲಸಿನ ಮೇಣದಂತೆ ಅಂಟಿಕೊಳ್ಳುತ್ತದೆ. ನಾನು ಮುಟ್ಟಿಸಿದೆ. ಮೂರು ಬೊಂಬೆ ಉಜ್ಜುವುದಕ್ಕೆ ಒಂದು ಮಧ್ಯಾಹ್ನ ಹೋಯಿತು. ಆಮೇಲೆ ಮೊದಲ ಕೋಟು ಕಪ್ಪೋ ಬಿಳಿಯೋ ತುಂತುರು ಹೊಡೆಯಬೇಕು, ಅದನ್ನು ಹಿತ್ತಲಲ್ಲೇ ಮಾಡಬೇಕು, ಮನೆಯೊಳಗೆ ಕೂಡದು. ಅದರ ಮೇಲೆ ಬಣ್ಣ. ಬಣ್ಣ ಒಣಗಿದ ಮೇಲೆ ಕಂದು ಬಣ್ಣದ ತಿಳಿನೀರು ಹಚ್ಚಿದರೆ ಮೂಗಿನ ಸಂದು, ಬೆರಳ ಸಂದುಗಳಲ್ಲಿ ಅದು ತಾನೇ ಹೋಗಿ ನಿಂತು ನೆರಳು ಕೊಡುತ್ತದೆ. ಕೊನೆಗೆ ಬ್ರಷ್ಷಿಗೆ ತಿಳಿ ಬಣ್ಣ ಅದ್ದಿ, ಅದನ್ನು ಬಟ್ಟೆಯಲ್ಲಿ ಒರೆಸಿ ಒರೆಸಿ ಹೆಚ್ಚುಕಡಿಮೆ ಒಣಗಿಸಿ, ಮೇಲೆ ಮೇಲೆ ಸವರಬೇಕು. ಉಬ್ಬಿದ ಕಡೆ ಮಾತ್ರ ಬಣ್ಣ ಹಿಡಿಯುತ್ತದೆ. ಈ ಉಪಾಯ ಮೂವತ್ತೈದು ವರ್ಷ ಹಿಂದೆ ಗೊತ್ತಿದ್ದರೆ! ತವರಿನಲ್ಲಿ ದಸರಾ ಬೊಂಬೆಗಳ ಮೂಗು ಕಿತ್ತುಹೋದಾಗ ಶೆಟ್ಟಿ ಶೆಟ್ಟಿತಿಗೆ, ಮಣ್ಣಿನ ಬ್ಯಾಂಡ್ ಸೆಟ್ಟಿನವರಿಗೆ ಬಣ್ಣ ತಿದ್ದುತ್ತಿದ್ದವಳು ನಾನೇ. ಮದುವೆಯಾದ ಮೇಲೆ ರಂಗೋಲಿ ಬಿಟ್ಟು ಬೇರೆ ಬಣ್ಣ ಮುಟ್ಟಿರಲಿಲ್ಲ.

ತೆಗೆದ ಬಣ್ಣ ಆರದಂತೆ ಇಡಲೂ ಒಂದು ಉಪಾಯ ಇದೆ. ಗಾಳಿಯಾಡದ ಮುಚ್ಚಳದ ಡಬ್ಬದಲ್ಲಿ ಪಾತ್ರೆ ತೊಳೆಯುವ ಹೊಸ ಸ್ಪಂಜನ್ನು ಒದ್ದೆ ಮಾಡಿ ಹಾಸಿ, ಅದರ ಮೇಲೆ ಕೇಕು ಸುಡುವಾಗ ಹಾಕುವ ಕಾಗದ ಹಾಸಿ, ಆ ಕಾಗದದ ಮೇಲೆ ಬಣ್ಣ ಹಾಕಿಟ್ಟರೆ ಮಾರನೆಯ ದಿನಕ್ಕೂ ಹಸಿಯಾಗಿರುತ್ತದೆ. ನೀರಿನಲ್ಲಿ ಕಲೆಸುವ ಅಕ್ರಿಲಿಕ್ ಬಣ್ಣಕ್ಕೆ ಮಾತ್ರ ಇದು ಹೊಂದುತ್ತದೆ. ಮಕ್ಕಳ ಚಿತ್ರಕಲೆಗೆ ಮಾಡಿ ನೋಡಿ.

ಒಂದು ಎಚ್ಚರಿಕೆಯನ್ನೂ ಮರೆಯಬಾರದು. ಹಳೆಯ ಕಾಲದ ಲೋಹದ ಬೊಂಬೆಗಳಲ್ಲಿ ಸೀಸ ಬೆರೆತಿರುತ್ತಿತ್ತು. 1990ರ ದಶಕದವು, ಅದಕ್ಕೂ ಮೊದಲಿನವು ಎಲ್ಲಾದರೂ ಸಿಕ್ಕಿದರೆ ಅನುಮಾನದಿಂದಲೇ ನೋಡಬೇಕು. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಬೇಕು, ಅರದಿಂದ ಉಜ್ಜಿ ಪುಡಿ ಎಬ್ಬಿಸಬಾರದು. ಮಗುವಿನ ಬಾಯಿಗೆ ಹೋಗುವ ಮಾತಂತೂ ದೂರ. ಅಳಿಯಂದಿರ ಪೆಟ್ಟಿಗೆಯಲ್ಲಿ ಯಾರೋ ಮಾರಿದ ಹಳೆಯ ಲೋಹದ ಓರ್ಕುಗಳು ಆರಿದ್ದವು. ಅವನ್ನು ಬೇರೆ ಡಬ್ಬಕ್ಕೆ ಹಾಕಿ ಬೀಗ ಹಾಕಿಸಿದೆ.

ಮಗಳು ಇದೆಲ್ಲವನ್ನೂ ಕೋಣೆಯ ಬಾಗಿಲಿಂದ ನೋಡುತ್ತಿದ್ದಳು. ಅಮ್ಮ ಎದುರು ಪಕ್ಷ ಸೇರಿದಳೆಂದು ಎರಡು ದಿನ ಮಾತು ಬಿಟ್ಟಳು. ಅವಳದೂ ಸುಳ್ಳಲ್ಲ. ಹಾಲೂಡುವವಳು ಅವಳು, ನಿದ್ದೆಗೆಟ್ಟವಳು ಅವಳು, ಊರು ಬಿಟ್ಟು ಗೆಳತಿಯರಿಲ್ಲದೆ ಇರುವವಳೂ ಅವಳೇ. ಅಳಿಯಂದಿರ ದುಃಖ ದೊಡ್ಡದು ಎಂದು ಇವಳ ಗುರುವಾರ ಚಿಕ್ಕದಾಗುವುದಿಲ್ಲ. ನಾನು ಯಾರ ಪರವೂ ಮಾತಾಡದೆ, "ನಿನಗೇನು ಬೇಕು ಅದನ್ನ ನೀನೇ ಹೇಳು, ನನ್ನ ಬಾಯಲ್ಲಿ ಹೇಳಿಸಬೇಡ" ಎಂದೆ. ಹೇಳಿದಳು. ಗುರುವಾರ ಹದಿನೈದು ದಿನಕ್ಕೊಮ್ಮೆ ಮಾತ್ರ. ಭಾನುವಾರ ಬೆಳಿಗ್ಗೆ ಎಂಟರಿಂದ ಹನ್ನೆರಡರವರೆಗೆ ಮಗು ಅಪ್ಪನದು, ಅಮ್ಮನಾಗಲಿ ನಾನಾಗಲಿ ಹತ್ತಿರ ಸುಳಿಯಬಾರದು. ಹೊಸ ಬೊಂಬೆ ಕೊಂಡರೆ ಅಷ್ಟೇ ಹಣ ಇವಳ ಲೆಕ್ಕಕ್ಕೂ ಬೀಳಬೇಕು. ಅಳಿಯಂದಿರು ಮರುಮಾತಾಡದೆ ಒಪ್ಪಿದರು. ಮೊದಲ ಭಾನುವಾರ ಮಗು ಎರಡು ಗಂಟೆ ಅತ್ತಿತು. ನಾವಿಬ್ಬರೂ ಮೇಲಿನ ಕೋಣೆಯಲ್ಲಿ ಕೈ ಕೈ ಹಿಸುಕಿಕೊಂಡು ಕೂತಿದ್ದೆವು. ಮೂರನೆಯ ಭಾನುವಾರದ ಹೊತ್ತಿಗೆ ಮಗಳು ನಿಜವಾಗಿ ನಿದ್ದೆ ಮಾಡಿದಳು.

ಜುಲೈಯಲ್ಲಿ ಒಂದು ಸಂಜೆ ಹಳೆಯ ಇಂಗ್ಲಿಷ್ ಗೆಳೆಯ ಕುಳ್ಳರ ಸೈನ್ಯ ಹೊತ್ತುಕೊಂಡು ನಮ್ಮ ಮನೆಗೇ ಬಂದ. ಊಟದ ಮೇಜಿಗೆ ನನ್ನ ಹಳೆಯ ಹಸಿರು ಹೊದಿಕೆ ಹಾಸಿ ಯುದ್ಧ ಹೂಡಿದರು. ಪುಸ್ತಕಗಳ ಮೇಲೆ ಹೊದಿಕೆ ಎಳೆದರೆ ಅದೇ ಬೆಟ್ಟ. ನಾನು ಚಕ್ಕುಲಿ, ಖಾರದ ಅವಲಕ್ಕಿ ಕೊಟ್ಟೆ, ಎಣ್ಣೆ ಕೈಯಲ್ಲಿ ಬೊಂಬೆ ಮುಟ್ಟಕೂಡದೆಂದು ಒದ್ದೆ ಬಟ್ಟೆಯನ್ನೂ ಇಟ್ಟೆ. ನಾನು ಬಣ್ಣ ಹಾಕಿದ ಹದಿನಾರು ಜನ ಈಟಿಯವರು ಮುಂದಿನ ಸಾಲಿನಲ್ಲಿ ನಿಂತಿದ್ದರು. ಕುಂಕುಮದ ಬಣ್ಣದ ಟೊಪ್ಪಿಗೆ ಹಾಕಿದ್ದೆ, ದೂರಕ್ಕೂ ಎದ್ದು ಕಾಣುತ್ತಿದ್ದರು. ಕುಳ್ಳರ ಫಿರಂಗಿ ಒಂದೇ ಸಾರಿ ಹಾರಿತು ನೋಡಿ, ನಾಲ್ವರು ಬಿದ್ದರು. ದಾಳ ಹಾಕಿದರೆ ಹನ್ನೊಂದು! ಉಳಿದ ಹನ್ನೆರಡು ಜನ ಈಟಿಯವರೂ ಬೆನ್ನು ತೋರಿಸಿ ಮೇಜಿನ ಅಂಚಿನವರೆಗೆ ಓಡಿ, ಚಕ್ಕುಲಿ ತಟ್ಟೆಯ ಪಕ್ಕ ನಿಂತರು. "ನಿಮ್ಮ ಊರಿನವರು ಅತ್ತೆ, ತಿಂಡಿ ಕಂಡ ಕಡೆ ಓಡಿದರು" ಎಂದು ಅಳಿಯಂದಿರು ನಕ್ಕರು. ನಾನು ಆ ಮನೆಗೆ ಹೋಗಿ ನಾಲ್ಕು ತಿಂಗಳಾಗಿತ್ತು. ಅವರು ಬಾಯಿ ತುಂಬ ನಕ್ಕದ್ದನ್ನು ಕೇಳಿದ್ದು ಅವತ್ತೇ. ಮಗಳು ಮಗುವನ್ನೆತ್ತಿಕೊಂಡು ಬಂದು, ಯಾರು ಗೆದ್ದರು ಎಂದು ಕೇಳಲಿಲ್ಲ. ಗಂಡನ ಮುಖವನ್ನೇ ನೋಡುತ್ತ ನಿಂತಿದ್ದಳು. ಗೆದ್ದದ್ದು ಕುಳ್ಳರು, ಇರಲಿ.

ಆ ರಾತ್ರಿ ಪಾಂಡವಪುರಕ್ಕೆ ಫೋನು ಮಾಡಿದೆ. ಅಲ್ಲಿ ಬೆಳಗಿನ ಜಾವ, ಯಜಮಾನರು ಹಾಲು ಕಾಯಿಸುತ್ತಿದ್ದರು. "ರೀ, ನಿಮ್ಮ ಹಾರ್ಮೋನಿಯಂ ನೆನಪಿದೆಯಾ?" ಎಂದೆ.

"ಯಾವ ಹಾರ್ಮೋನಿಯಂ?" ಎಂದರು. ಸ್ವಲ್ಪ ಹೊತ್ತು ಮಾತಿಲ್ಲ. ಹಾಲು ಉಕ್ಕಿದ ಸದ್ದು ಕೇಳಿತು. ಆಮೇಲೆ, "ಅದರಲ್ಲಿ ಒಂದು ಮನೆ ಕೀರಲಾಗಿತ್ತು ಬಿಡೇ" ಎಂದರು.

ಸೆಪ್ಟೆಂಬರಿನಲ್ಲಿ ಹೊರಡುವಾಗ ಅಳಿಯಂದಿರು ಬಣ್ಣ ಹಾಕದ ಹತ್ತು ಗಾಬ್ಲಿನ್, ಮೂರು ಬ್ರಷ್ಷು ಕಟ್ಟಿಕೊಟ್ಟರು. ಕೋಡುಬಳೆ ಒಯ್ದಿದ್ದ ಡಬ್ಬದಲ್ಲೇ ತಂದೆ. ಆ ವರ್ಷ ದಸರಾದಲ್ಲಿ ಪಟ್ಟದ ಬೊಂಬೆಗಳ ಕೆಳಗಿನ ಮೆಟ್ಟಿಲಿನಲ್ಲಿ, ಬ್ಯಾಂಡ್ ಸೆಟ್ಟಿನ ಹಿಂದೆ ಅವರನ್ನೂ ಸಾಲಾಗಿ ನಿಲ್ಲಿಸಿದೆ. ಎದುರು ಮನೆಯವರು ಬೊಂಬೆ ಬಾಗಿನಕ್ಕೆ ಬಂದವರು, "ಇದು ಯಾವ ಪುರಾಣದ ರಾಕ್ಷಸರು?" ಎಂದು ಕೇಳಿದರು. ನಮ್ಮ ಯಜಮಾನರು ನನಗಿಂತ ಮೊದಲೇ, "ಇವಳ ದಂಡು" ಎಂದುಬಿಟ್ಟರು.

ಮೊನ್ನೆ ಮೈಸೂರಿಗೆ ಹೋದಾಗ ಒಂದು ವಾದ್ಯದ ಅಂಗಡಿಯ ಮುಂದೆ ನಿಂತು ಹಾರ್ಮೋನಿಯಂ ಬೆಲೆ ಕೇಳಿಕೊಂಡು ಬಂದೆ. ಮನೆಯಲ್ಲಿ ಇನ್ನೂ ಹೇಳಿಲ್ಲ. ಈ ಪತ್ರಿಕೆ ಬಂದಾಗ ನಮ್ಮಲ್ಲಿ ಮೊದಲು ಬಿಡಿಸಿ ಓದುವವರು ಅವರೇ. ಓದಲಿ.